ಗೆದ್ದ ಮೇಲೆ ಎಲ್ಲಿಗೆ?

ಕುಷ್ಟಗಿಯ ಶಾಲಾ ತಂಡ ತಾಲ್ಲೂಕು ಪಂದ್ಯ ಗೆದ್ದರೆ ಜಿಲ್ಲಾ ಮಟ್ಟಕ್ಕೆ ಹೋಗುತ್ತದೆ. ಅಲ್ಲಿಯೂ ಗೆದ್ದರೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ. 1997ರವರೆಗೆ ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿ ನಾಲ್ಕೂ ರಾಯಚೂರು ಜಿಲ್ಲೆಯವು. ಹೊಸ ಜಿಲ್ಲೆಯಾದಾಗ ಏಣಿಯ ಒಂದು ಮೆಟ್ಟಿಲು ಮನೆಗೆ ಹತ್ತಿರವಾಯಿತು.

ಆದರೆ ಈ ಏಣಿ ಓದಿನ ಜೊತೆಗೇ ಮುಗಿಯುತ್ತದೆ. ಪಿಯುಸಿ ಮುಗಿಸಿದ ನನ್ನ ಮಗ ಈಗ ಬೆಂಗಳೂರಿನ ಫುಟ್‌ಬಾಲ್ ಲೀಗಿನ ಮಾತಾಡುತ್ತಾನೆ. ಅಲ್ಲಿ ಮೇಲೆ ಸೂಪರ್ ಡಿವಿಷನ್, ಕೆಳಗೆ ಎ, ಬಿ, ಸಿ ಡಿವಿಷನ್‌ಗಳು. ಗೆದ್ದ ಕ್ಲಬ್ಬು ಮೇಲಕ್ಕೆ, ತಳದಲ್ಲುಳಿದದ್ದು ಕೆಳಕ್ಕೆ. ಹಳೆಯ ಪರಂಪರೆ ಅದು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನೇ ತಂದಿತ್ತು. ಏಣಿಯೇನೋ ಗಟ್ಟಿ, ಅದರ ಮೊದಲ ಮೆಟ್ಟಿಲಿಗೇ ನಮ್ಮವರು ರಾತ್ರಿಯಿಡೀ ಪ್ರಯಾಣ ಮಾಡಬೇಕು. ರೂಮು, ಊಟದ ಖರ್ಚು ಬೇರೆ.

ಜರ್ಮನಿಯಲ್ಲಿ ನಾಲ್ಕನೇ ದರ್ಜೆಯ 'ರೀಜನಲ್‌ಲೀಗಾ' 2012ರಿಂದ ಐದು ಪ್ರದೇಶಗಳಲ್ಲಿ ಪ್ರತ್ಯೇಕವಾಗಿ ನಡೆಯುತ್ತಿದೆ. ಅದಕ್ಕೂ ಕೆಳಗೆ ಜಿಲ್ಲೆಯವರೆಗೂ ಲೀಗುಗಳಿವೆ. ಹಳ್ಳಿಯ ಕ್ಲಬ್ಬು ಪಕ್ಕದ ಊರಿನಲ್ಲಿ ಆಡಿ ಸಂಜೆಗೆ ಮನೆ ಸೇರುತ್ತದೆ.

ನಮ್ಮ ಹಳೆಯ ನಾಲ್ಕು ತಾಲ್ಲೂಕುಗಳಿಗೆ ತಲಾ ಒಂದು ತಂಡವೆಂದರೂ, ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಲು ಬೇಕಾದದ್ದು ಆರೇ ಪಂದ್ಯ. ಹೋಗಿಬರುವುದಕ್ಕೆ ಸಾರಿಗೆ ಬಸ್ಸು ಸಾಕು.