ಕೃಷಿ ಆಯುಕ್ತರಿಗೆ ಓಟು ಹಾಕಿದ್ದೀರಾ?

ಸತ್ತೇಗಾಲದ ಹತ್ತಿರ ಕಾವೇರಿ ಸೇತುವೆ ದಾಟಿದರೆ ನನಗೆ ಊರು ಬಂದ ಹಾಗೆ. ಕನಕಪುರ, ಮಳವಳ್ಳಿ ಮೇಲೆ ಬೈಕಿನಲ್ಲಿ ಬಂದು ಕೊಳ್ಳೇಗಾಲದಲ್ಲಿ ಇಳಿದು, ಒಂದು ಟೀ ಕುಡಿದು, ಯಳಂದೂರಿನ ಕಡೆ ತಿರುಗೋದು ರೂಢಿ. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಸ್ವಲ್ಪ ಗದ್ದೆ, ಎರಡು ಹಸು, ಮಾತು ಕಮ್ಮಿ.

ಈ ಸಲ ತಲೆಯಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡೇ ಹೊರಟಿದ್ದೆ. ಅದನ್ನ ಹುಟ್ಟುಹಾಕಿದ್ದು ಫ್ಲಾರಿಡಾದಲ್ಲಿರೋ ನಮ್ಮ ದೊಡ್ಡಪ್ಪನ ಮಗಳು. ಅಲ್ಲಿ ಕೃಷಿ ಆಯುಕ್ತರನ್ನ ಇಡೀ ರಾಜ್ಯದ ಜನ ಓಟು ಹಾಕಿ ಆರಿಸ್ತಾರಂತೆ. 2018ರಲ್ಲಿ ಆ ಚುನಾವಣೆ ಎಷ್ಟು ಬಿಗಿಯಾಗಿತ್ತು ಅಂದ್ರೆ, 80 ಲಕ್ಷಕ್ಕೂ ಹೆಚ್ಚು ಓಟಿನಲ್ಲಿ ನಿಕ್ಕಿ ಫ್ರೀಡ್ ಗೆದ್ದಿದ್ದು ಬರೀ 6,753 ಓಟಿನಿಂದ. ಮರುಎಣಿಕೆಯನ್ನೂ ಮಾಡಬೇಕಾಯ್ತು. ಪೆಟ್ರೋಲ್ ಬಂಕಿನ ಅಳತೆ ಸರಿ ಇದೆಯಾ ಅಂತ ನೋಡೋದೂ ಅದೇ ಇಲಾಖೆಯ ಕೆಲಸ. "ನಮ್ಮೂರಲ್ಲಿ ರೈತರು ಯಾರನ್ನ ಆರಿಸ್ತಾರೋ?" ಅಂತ ಅಕ್ಕ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮಲ್ಲೂ ಕೃಷಿ ಆಯುಕ್ತರಿದ್ದಾರೆ. ಕಚೇರಿ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ. ಆದರೆ ಅವರನ್ನ ನೇಮಿಸೋದು ಸರ್ಕಾರ.

ಒಂದೇ ರಸ್ತೆ, ಎರಡು ರಾಜ್ಯ

ಕೊಳ್ಳೇಗಾಲದಿಂದ ಯಳಂದೂರಿಗೆ ಬೈಕಿನಲ್ಲಿ ಅರ್ಧ ಗಂಟೆ. ಮಾಂಬಳ್ಳಿ ದಾಟಿದರೆ ಎರಡೂ ಕಡೆ ಹಸಿರು, ಎದುರಿಗೆ ಬಿಳಿಗಿರಿರಂಗನ ಬೆಟ್ಟ. ಈ ರಸ್ತೆಯಲ್ಲಿ ಹೋಗೋರಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. 1956ರ ನವೆಂಬರ್ 1ರವರೆಗೂ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ ಊರು. ಅಂದ್ರೆ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಈ ರಸ್ತೆಯ ಒಂದು ತುದಿಯವರು ಮದ್ರಾಸ್ ವಿಧಾನಸಭೆಗೆ ಓಟು ಹಾಕಿದರು, ಇನ್ನೊಂದು ತುದಿಯವರು ಮೈಸೂರಿನದಕ್ಕೆ. ಈಗ ಎರಡೂ ಊರು ಒಂದೇ ಕ್ಷೇತ್ರ.

ಯಳಂದೂರಿಗೆ ಬಂದವರು ಬಳೆಮಂಟಪ ನೋಡದೆ ಹೋಗಬೇಡಿ. ಗೌರೀಶ್ವರ ದೇವಸ್ಥಾನದ ಮುಂದಿನ ಈ ಮಂಟಪದ ಮೂಲೆಗಳಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಣಿ. ಚಿಕ್ಕವನಿದ್ದಾಗ ಮಾವ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು.

ಒಂದು ಓಟು

ಊಟಕ್ಕೆ ಮುದ್ದೆ, ಉಪ್ಸಾರು. ಅಕ್ಕನ ಪ್ರಶ್ನೆ ಮಾವನ ಮುಂದಿಟ್ಟೆ. ಅವರು ನಕ್ಕರು.

"ಆಯುಕ್ತರು ಯಾರೋ ನಂಗೆ ಗೊತ್ತಿಲ್ಲ ಮಗಾ. ನಂಗೆ ಬೇಕಾಗಿರೋರು ಸೊಸೈಟಿಯವರು."

ಮಾವ ಹೇಳಿದ್ದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಬಗ್ಗೆ. ಶೂನ್ಯ ಬಡ್ಡಿಯ ಬೆಳೆ ಸಾಲ ರೈತನ ಕೈಗೆ ಬರೋದು ಅಲ್ಲಿಂದ. 2023ರ ಬಜೆಟ್‌ನಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸಂಘದ ನಿರ್ದೇಶಕರನ್ನ 5 ವರ್ಷಕ್ಕೊಮ್ಮೆ ಸದಸ್ಯರೇ ಓಟು ಹಾಕಿ ಆರಿಸ್ತಾರೆ. ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಂಡೆ.

"ಮತ್ತೆ ಕಳೆದ ಸಲ ಯಾರಿಗೆ ಹಾಕಿದ್ರಿ ಮಾವ?"

"ನಾನೆಲ್ಲಿ ಹಾಕ್ದೆ? ಪಟ್ಟಿಲಿ ನನ್ ಹೆಸರೇ ಇರ್ನಿಲ್ಲ."

ಸಂಘದ ಮಹಾಸಭೆಗಳಿಗೆ ಹೋಗದ ಸದಸ್ಯರು ಓಟಿನ ಹಕ್ಕು ಕಳೆದುಕೊಳ್ತಾರೆ. ಆ ವರ್ಷಗಳಲ್ಲಿ ಅತ್ತೆಗೆ ಹುಷಾರಿರಲಿಲ್ಲ, ಮಾವ ಮೈಸೂರಿನ ಆಸ್ಪತ್ರೆಗೆ ಅಲೆಯುತ್ತಿದ್ದರು. ನೋಟಿಸ್ ಬಂದಿದ್ದೂ ಅವರಿಗೆ ನೆನಪಿಲ್ಲ. ಅಪ್ಪನ ಕಾಲದಿಂದ ಷೇರು ಇರೋ ಸಂಘದಲ್ಲಿ ಹೊರಗೆ ನಿಂತು ನೋಡಿದರಂತೆ. "ಒಂದ್ ಓಟಿಂದ ಏನಾಯ್ತದೆ ಅಂತ ಸುಮ್ನಾದೆ," ಅಂದರು.

ಈ ಮಾತನ್ನ ಬೇರೆ ಯಾವ ಊರಲ್ಲಾದರೂ ಹೇಳಬಹುದು, ಯಳಂದೂರಿನಲ್ಲಿ ಹೇಳೋ ಹಾಗಿಲ್ಲ! ಇದು ಆಗ ಸಂತೇಮರಹಳ್ಳಿ ಕ್ಷೇತ್ರದಲ್ಲಿತ್ತು. 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಿದ್ದಿದ್ದು 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಡ್ರೈವರೇ ಓಟು ಹಾಕಿರಲಿಲ್ಲ ಅನ್ನೋ ಕತೆಯನ್ನ ಇಲ್ಲಿ ಇವತ್ತಿಗೂ ಹೇಳ್ತಾರೆ. 2008ರ ಹೊತ್ತಿಗೆ ಆ ಕ್ಷೇತ್ರವೇ ಇಲ್ಲವಾಯಿತು. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ಓಟಿನ ಅಂತರದಲ್ಲಿ ಗೆದ್ದರು. ನಡುವೆ 19 ವರ್ಷ.

ಮಾವನಿಗೆ ಇದನ್ನ ನೆನಪಿಸೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು: "ಹೋದ್ ಲೋಕಸಭೆ ಚುನಾವಣೆಗೆ ನೀನು ಬರ್ನೇ ಇಲ್ವಲ್ಲ ಮಗಾ?"

ನಾನು ಮುದ್ದೆ ಮುರೀತಾ ಕೂತೆ. 2024ರ ಏಪ್ರಿಲ್ 26 ಶುಕ್ರವಾರ. ಮೂರು ದಿನ ರಜೆ ಸಿಕ್ಕಿತು ಅಂತ ಆಫೀಸಿನ ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗಿದ್ದೆ. ನನ್ನ ಹೆಸರು ಪಟ್ಟಿಯಲ್ಲಿತ್ತು. ಯಾರೂ ತೆಗೆದಿರಲಿಲ್ಲ.

ಹನೂರಿನ ದಾರಿ

ಮಧ್ಯಾಹ್ನ ಮತ್ತೆ ಕೊಳ್ಳೇಗಾಲಕ್ಕೆ ಬಂದು ಹನೂರಿನ ರಸ್ತೆ ಹಿಡಿದೆ. ಕಾಮಗೆರೆ ಬರುತ್ತಿದ್ದ ಹಾಗೆ ಮಾಜಿ ಸಚಿವ ಎಚ್. ನಾಗಪ್ಪನವರ ನೆನಪಾಗುತ್ತೆ. 2002ರ ಆಗಸ್ಟ್‌ನಲ್ಲಿ ವೀರಪ್ಪನ್ ಅವರನ್ನ ಅಪಹರಿಸಿದ್ದು ಇದೇ ಊರಿನ ಮನೆಯಿಂದ. ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಶವ ಸಿಕ್ಕಿತು.

ಯಳಂದೂರಿನ ಗದ್ದೆ ಬಯಲು ಇಲ್ಲಿಲ್ಲ. ಮಳೆ ನಂಬಿದ ಹೊಲಗಳು, ರಾಗಿ, ಜೋಳ, ಹುರುಳಿ. ಕಾಡಿನ ಅಂಚಿನ ಹೊಲಗಳಲ್ಲಿ ಆನೆ, ಹಂದಿ ಕಾಯೋಕೆ ಅಟ್ಟಣೆ. ರಸ್ತೆ ಬದಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗೋರ "ಉಘೇ" ಕೂಗು.

ಹನೂರಿನ ಟೀ ಅಂಗಡಿಯಲ್ಲಿ ಕೂತಾಗ ಇಂಡಿಗನತ್ತದ ಮಾತು ಬಂತು. ಅದು ಇದೇ ತಾಲ್ಲೂಕಿನ ಬೆಟ್ಟದ ಮೇಲಿನ ಊರು. ರಸ್ತೆ, ನೀರು, ಕರೆಂಟು ಸರಿಯಿಲ್ಲ ಅಂತ ಅಲ್ಲಿಯವರು 2024ರ ಅದೇ ಏಪ್ರಿಲ್ 26ರಂದು ಮತದಾನ ಬಹಿಷ್ಕರಿಸಿದ್ದರು. ಅಧಿಕಾರಿಗಳು ಒಪ್ಪಿಸೋಕೆ ಹೋದಾಗ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. ಏಪ್ರಿಲ್ 29ಕ್ಕೆ ಮರುಮತದಾನ ನಡೆಯಿತು.

ಮತಗಟ್ಟೆ ಒಡೆದಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಆ ಶುಕ್ರವಾರ ಒಂದೇ ಲೋಕಸಭಾ ಕ್ಷೇತ್ರದಲ್ಲಿ ಎರಡು ಥರದವರು ಓಟು ಹಾಕಲಿಲ್ಲ. ಅವರಿಗೆ ರಸ್ತೆ ಇರಲಿಲ್ಲ. ನನಗೆ ಸಮುದ್ರ ನೋಡಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಒಂದೇ, ಗೈರುಹಾಜರು. ಟೀ ತಣ್ಣಗಾಗೋವರೆಗೂ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಕ್ಯಾಲೆಂಡರಿನಲ್ಲಿ ಒಂದು ದಿನ

ರಾತ್ರಿ ಮಾವನ ಮನೆಗೆ ವಾಪಸ್ ಬಂದು ಅಕ್ಕನಿಗೆ ಮೆಸೇಜ್ ಹಾಕಿದೆ: "ಆಯುಕ್ತರನ್ನ ಆರಿಸೋದಿಲ್ಲ ಕಣೇ. ಆದ್ರೆ ಸೊಸೈಟಿ ಇದೆ, ಡೈರಿ ಇದೆ, ಎಪಿಎಂಸಿ ಇದೆ, ಗ್ರಾಮ ಪಂಚಾಯಿತಿ ಇದೆ. ನಮ್ಮವರು ಅಲ್ಲೆಲ್ಲ ಓಟು ಹಾಕಬಹುದು. ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೆ."

ಆಮೇಲೆ ಮಾವನ ಟ್ರಂಕಿನಿಂದ ಷೇರಿನ ಪತ್ರ ತೆಗೆಸಿ ಫೋಟೊ ತೆಗೆದುಕೊಂಡೆ. ಬೆಳಗ್ಗೆ ಇಬ್ಬರೂ ಸಂಘದ ಬಾಗಿಲು ತೆರೆಯೋ ಹೊತ್ತಿಗೆ ಹೋಗಿ ಮುಂದಿನ ಮಹಾಸಭೆ ಯಾವಾಗ ಅಂತ ಕೇಳಿದೆವು. ತಾರೀಖು ಇನ್ನೂ ಗೊತ್ತಾಗಿಲ್ಲ, ಸೆಪ್ಟೆಂಬರ್‌ನಲ್ಲಿ ಅಂದರು. ಫೋನಿನ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 1ಕ್ಕೆ ಒಂದು ಅಲಾರಂ ಇಟ್ಟೆ: "ಮಾವನಿಗೆ ಫೋನ್. ಸಭೆ ಯಾವತ್ತು?"

ನಿಮ್ಮೂರಲ್ಲೂ ಒಬ್ಬ ಮಾವನೋ ಚಿಕ್ಕಪ್ಪನೋ ಇರ್ತಾರೆ. ಮುಂದಿನ ಸಲ ಹೋದಾಗ ಅವರ ಹೆಸರು ಪಟ್ಟಿಯಲ್ಲಿದೆಯಾ ಅಂತ ಒಮ್ಮೆ ಕೇಳಿ.

ಬೈಕ್ ಹತ್ತುವಾಗ ಮಾವ ಒಂದು ಚೀಲ ಅಕ್ಕಿ ಕಟ್ಟಿ ಕೊಟ್ಟರು. "ಸಭೆಗೆ ನೀನೂ ಬಾ ಮಗಾ. ಒಬ್ನೇ ಹೋಗೋಕೆ ಬ್ಯಾಸ್ರ," ಅಂದರು. ಬರ್ತೀನಿ ಅಂದಿದ್ದೀನಿ.