ದಾದಾ ಹಾಕಿದ ಓಟು

ನನ್ನ ದಾದಾ ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಅವರ ಓಟು ಯಾವಾಗಲೂ ದೇವೇಗೌಡರಿಗೆ. 1995ರಲ್ಲಿ ಗೌಡರು ಮುಖ್ಯಮಂತ್ರಿಯಾಗಿದ್ದಾಗ ಮುಸ್ಲಿಮರಿಗೆ 2ಬಿ ವರ್ಗದಲ್ಲಿ ಶೇ. 4 ಮೀಸಲಾತಿ ಬಂತು. ಅದರಲ್ಲೇ ಅಬ್ಬಾಗೆ ಕಾಲೇಜು ಸೀಟು ಸಿಕ್ಕಿತು. 1999ರಲ್ಲಿ ಜನತಾದಳ ಒಡೆದಾಗ ದಾದಾ ಗೌಡರ ಜೆಡಿಎಸ್ ಜೊತೆಗೇ ಉಳಿದರು. 2013ರಲ್ಲಿ ಮೂಡಿಗೆರೆಯಲ್ಲಿ ಬಿ.ಬಿ. ನಿಂಗಯ್ಯ ಗೆದ್ದ ದಿನ ಮನೆಯಲ್ಲಿ ಸಿಹಿ ಹಂಚಿದ್ದರಂತೆ.

ನಾನು ಕಾಮರ್ಸ್ ಓದುವವಳು, ಲೆಕ್ಕ ಬರೆದು ನೋಡಿದೆ. ಜೆಡಿಎಸ್ ಗೆದ್ದ ಸೀಟುಗಳು: 2004ರಲ್ಲಿ 58, 2008ರಲ್ಲಿ 28, 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19. ಅದೇ ಸೆಪ್ಟೆಂಬರಿನಲ್ಲಿ ಪಕ್ಷ ಬಿಜೆಪಿ ಜೊತೆ ಸೇರಿತು. ದಾದಾ ಟಿವಿ ಆರಿಸಿದರು.

"2006ರಲ್ಲೂ ಸೇರಿದ್ದರಲ್ಲ ದಾದಾ, ಆಮೇಲೂ ಯಾಕೆ ಹಾಕಿದಿರಿ?" ಎಂದು ಕೇಳಿದೆ.

"ನಿನ್ನ ಅಬ್ಬಾನ ಸೀಟಿನ ಋಣ ಇತ್ತು ಬೇಟಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ಋಣ ನಂದು. ನೀನು ಅದನ್ನ ತೀರಿಸಬೇಕಾಗಿಲ್ಲ," ಎಂದರು.

ಮುಂದಿನ ವರ್ಷ ನನಗೆ ಹದಿನೆಂಟು. ನನ್ನ ಫೈಲಿನಲ್ಲೂ 2ಬಿ ಸರ್ಟಿಫಿಕೇಟ್ ಇದೆ. ಓಟು ಯಾರಿಗೆಂದು ಇನ್ನೂ ತೀರ್ಮಾನಿಸಿಲ್ಲ. ದಾದಾ ಕೂಡ ಈಗ ಹೇಳುವುದಿಲ್ಲ.