ಆಟದ ನಡುವಿನ ಅಂಗಡಿ

ನಮ್ಮ ಕಮ್ಮರಡಿಯ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮನೆಗೂ ತೋಟಕ್ಕೂ ನಡುವಣ ನೂರು ಮಾರು ದಾರಿಯೇ ದೂರದೇಶವಾಗಿಬಿಡುತ್ತದೆ. ಶಾಲೆಗಳಿಗೆ ಸರ್ಕಾರದವರು ರಜೆ ಸಾರುತ್ತಾರೆ. ವಿದ್ಯುತ್ತು ಯಾರನ್ನೂ ಕೇಳದೆ ತಾನೇ ರಜೆ ತೆಗೆದುಕೊಳ್ಳುತ್ತದೆ. ನಾನು ಹುಡುಗನಾಗಿದ್ದಾಗ ಇಂತಹ ದಿನಗಳಲ್ಲಿ ಅಟ್ಟದ ಮೇಲಿನ ಚೆನ್ನೆಮಣೆ ಕೆಳಗಿಳಿಯುತ್ತಿತ್ತು. 14 ಗುಳಿ, ಗುಳಿಗೆ ನಾಲ್ಕರಂತೆ ಕಾಯಿ, ಎದುರಿಗೆ ಅಜ್ಜಿ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಆಟಿ ತಿಂಗಳು ಕಳೆದ ಮೇಲೆ ಮಣೆಯನ್ನು ಎತ್ತಿಡುವುದೇ ಪದ್ಧತಿಯಂತೆ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲವಾದರೂ, ಮಳೆ ಬಿಟ್ಟು ಅಡಕೆಯ ಕೆಲಸ ಮೊದಲಾಯಿತೆಂದರೆ ಮಣೆ ತಾನಾಗಿ ಅಟ್ಟ ಸೇರುತ್ತಿತ್ತು. ಮಣೆಯನ್ನು ಕೊರೆದುಕೊಟ್ಟ ಆಚಾರಿಯಾದರೋ ಹಣ ಎಣಿಸಿಕೊಂಡು ಹೋದವನು ನಮ್ಮ ಆಟದ ಕಡೆಗೆ ಮತ್ತೆ ತಿರುಗಿ ನೋಡಿದ್ದಿಲ್ಲ. ಯಾರು ಗೆದ್ದರು, ಎಷ್ಟು ಹೊತ್ತು ಆಡಿದರು ಎಂಬುದು ಅವನಿಗೆ ಬೇಕಾಗಿಯೂ ಇರಲಿಲ್ಲ.

ಇಷ್ಟು ಓದಿದ ವಾಚಕರು, ‘ಹಿಂದಿನ ಕಾಲದ ಹೊಗಳಿಕೆ ಬಂತು’ ಎಂದು ಪುಟ ಮಗುಚಬಾರದು. ದೀಪಾವಳಿಯ ರಾತ್ರಿಗಳಲ್ಲಿ ಇಸ್ಪೀಟಾಡಿ ಸೋತು, ಆ ಸಂಗತಿಯನ್ನು ತಂದೆಯವರಿಂದ ಮುಚ್ಚಿಟ್ಟವನು ನಾನು. ಆಟದ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರವನ್ನು ಅಂದೇ ಕಳೆದುಕೊಂಡಿದ್ದೇನೆ. ಈಗ ಬರೆಯುತ್ತಿರುವುದು ಆಟದ ಮೇಲಣ ದೂರಲ್ಲ. ಆಟವನ್ನು ಮಾರುವ ರೀತಿಯ ಮೇಲಣ ದೂರು.

2025ರ ಮಳೆಗಾಲದಲ್ಲಿ ಕೊಳೆರೋಗದ ಭಯಕ್ಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಿದೆ. ಹೊಡೆದವನಿಗೆ ಸಂಜೆ ಫೋನಿನಿಂದಲೇ ಕೂಲಿ ಕಳಿಸಹೋದರೆ ಖಾತೆಯಲ್ಲಿ ಅಷ್ಟು ಹಣವಿಲ್ಲವೆಂದು ಉತ್ತರ ಬಂತು. ಅವನು ಜಗುಲಿಯ ಮೇಲೆ ಕುಳಿತು, ‘ನಾಳೆ ಕೊಡಿ ಅಯ್ಯಾ, ಅದಕ್ಕೇನು’ ಎಂದ. ಮರದ ತುದಿಯಲ್ಲಿ ಇಡೀ ದಿನ ಜೀವ ಒತ್ತೆಯಿಟ್ಟವನ ಬಾಯಲ್ಲಿ ಆ ಮಾತನ್ನು ಕೇಳಿ ನನಗಾದ ನಾಚಿಕೆ ಸಣ್ಣದಲ್ಲ. ಲೆಕ್ಕ ತೆಗೆಸಿ ನೋಡಿದರೆ ಮೂರು ವಾರಗಳಲ್ಲಿ 17 ಸಲವಾಗಿ ಒಟ್ಟು 4,310 ರೂಪಾಯಿ ಹೊರಗೆ ಹೋಗಿತ್ತು. ಮೊದಲ ಸಲ 29 ರೂಪಾಯಿ. ಕೊನೆಯ ಸಲ 799. ಲೆಕ್ಕ ತೆಗೆದುಕೊಟ್ಟವನು ನನ್ನ ಮೊಮ್ಮಗ, 13 ವರ್ಷದವನು. ಹಣ ತೆಗೆದವನೂ ಅವನೇ.

ನಾನು ಗದರಿಸಲಿಲ್ಲ. ಗದರಿಸುವಷ್ಟು ಧೈರ್ಯ ಬರಲಿಲ್ಲವೆಂದರೂ ಸರಿಯೆ. ‘ಏನು ಕೊಂಡೆಯಪ್ಪಾ?’ ಎಂದೆ. ತುಂಬ ಹೊತ್ತಿನ ಮೇಲೆ, ‘ಅಂಗಿ, ಅಜ್ಜ’ ಎಂದ. ಆಟದೊಳಗೆ ಅವನ ಪರವಾಗಿ ಓಡುವ ಗೊಂಬೆಗೆ ಅಂಗಿ! ಅದನ್ನು ತೊಟ್ಟರೆ ಗೊಂಬೆ ಹೆಚ್ಚು ವೇಗವಾಗಿ ಓಡುವುದೂ ಇಲ್ಲ, ಗುಂಡಿನ ಪೆಟ್ಟು ಕಡಮೆಯಾಗುವುದೂ ಇಲ್ಲ. ಮತ್ತೇಕೆ? ಆಟ ಪುಕ್ಕಟೆ, ಸೇರಿದವರಿಗೆಲ್ಲ ಒಂದು ಬೂದುಬಣ್ಣದ ಅಂಗಿಯೂ ಪುಕ್ಕಟೆ. ಅದನ್ನೇ ತೊಟ್ಟವನನ್ನು ಜೊತೆಯ ಹುಡುಗರು ‘ಪುಕ್ಕಟೆಯವನು’ ಎಂದು ಕರೆಯುತ್ತಾರಂತೆ. ಈ ಮಾತು ನನಗೆ ತಟ್ಟಿತು. ತೇಪೆ ಹಾಕಿದ ಚಡ್ಡಿಯಲ್ಲಿ ಪ್ರೌಢಶಾಲೆಗೆ ಹೋದವನಿಗೆ ಇದನ್ನು ಯಾರೂ ವ್ಯಾಖ್ಯಾನ ಮಾಡಿ ಹೇಳಬೇಕಾಗಿಲ್ಲ.

ನೆರೆಮನೆಯವರ ಮಗನೊಬ್ಬ ಬೆಂಗಳೂರಿನಲ್ಲಿ ಇಂತಹ ಆಟಗಳಿಗೆ ಚಿತ್ರ ಬರೆಯುವ ಉದ್ಯೋಗದಲ್ಲಿದ್ದಾನೆ. ಆ ಊರಿಗೆ ಈ ಕಸುಬು ಹೊಸದಲ್ಲ: 1997ರಲ್ಲಿಯೇ ರಾಜೇಶ್ ರಾವ್ ಅವರು ಅಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಪರದೇಶದ ಸಂಸ್ಥೆ ಕೊಂಡಿತು. ಹುಡುಗ ಹಬ್ಬಕ್ಕೆ ಬಂದಿದ್ದಾಗ ಕೂರಿಸಿಕೊಂಡು ಕೇಳಿದೆ. ಅವನು ಸಂಕೋಚವಿಲ್ಲದೆ ಎಲ್ಲವನ್ನೂ ಬಿಡಿಸಿ ಹೇಳಿದ. ಪುಕ್ಕಟೆಯಾಗಿ ಆಡುವವರಲ್ಲಿ ಬಹುಮಂದಿ ಎಂದೂ ಕಾಸು ಬಿಚ್ಚುವುದಿಲ್ಲ. ಆದಾಯವೆಲ್ಲ ಬಿಚ್ಚುವ ಕೆಲವರಿಂದ. ಅದರಲ್ಲಿಯೂ ದೊಡ್ಡ ಪಾಲು, ಬಿಚ್ಚಿದ ಕೈಯನ್ನು ಮತ್ತೆ ಮುಚ್ಚಲಾರದ ಕೆಲವೇ ಕೆಲವರಿಂದ. ಅವರನ್ನು ಆ ವ್ಯಾಪಾರದ ಭಾಷೆಯಲ್ಲಿ ತಿಮಿಂಗಿಲಗಳೆನ್ನುತ್ತಾರಂತೆ. ‘ನಿಮ್ಮ ಮೊಮ್ಮಗ ತಿಮಿಂಗಿಲವಲ್ಲ ಮೇಷ್ಟ್ರೆ, ಬರೀ ಸಣ್ಣ ಮೀನು’ ಎಂದು ಸಮಾಧಾನ ಹೇಳಿದ. ಮೀನು ಎಂದ ಮೇಲೆ ಗಾಳವೊಂದು ಇದ್ದೇ ಇರಬೇಕಷ್ಟೆ.

ಆ ಗಾಳದ ರಚನೆಯನ್ನು ಕೇಳಿ ನಾನು ಬೆರಗಾದೆ. ರೂಪಾಯಿ ಕೊಟ್ಟು ಅಂಗಿಯನ್ನೇ ನೇರವಾಗಿ ಕೊಳ್ಳುವಂತಿಲ್ಲ. ಮೊದಲು ವಜ್ರಗಳನ್ನು ಕೊಳ್ಳಬೇಕು. ವಜ್ರಗಳು ನೂರರ ಕಟ್ಟಿನಲ್ಲಿ ಸಿಕ್ಕರೆ ಅಂಗಿಯ ಬೆಲೆ ನೂರಿಪ್ಪತ್ತು. ಎರಡು ಕಟ್ಟು ಕೊಂಡ ಮೇಲೆ ಎಂಬತ್ತು ಉಳಿಯುತ್ತವೆ. ಉಳಿದದ್ದು ವ್ಯರ್ಥವಾಗಬಾರದೆಂದು ಮತ್ತೊಂದು ಕಟ್ಟು. ಇನ್ನು ಕೆಲವು ಆಟಗಳಲ್ಲಿ ಒಂದು ಕೋಟೆ ಕಟ್ಟಿ ಮುಗಿಯಬೇಕಾದರೆ ಎಂಟು ಗಂಟೆ ಸುಮ್ಮನೆ ಕಾಯಬೇಕು; ಹಣ ಕೊಟ್ಟರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಕೋಟೆ ಸಿದ್ಧ. ಬೇಸರವನ್ನು ತಯಾರಿಸಿದವನೂ ಅವನೇ, ಬೇಸರಕ್ಕೆ ಮದ್ದು ಮಾರುವವನೂ ಅವನೇ. ಎಲ್ಲಕ್ಕಿಂತ ನನಗೆ ವಿಚಿತ್ರವಾಗಿ ತೋರಿದ್ದು ಮುಚ್ಚಿದ ಪೆಟ್ಟಿಗೆಯ ಮಾರಾಟ. ನಾವು ಅಡಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಮಂಡಿಗೆ ಒಯ್ಯುತ್ತೇವೆ. ಕೊಳ್ಳುವವನು ಚೀಲದೊಳಗೆ ಕೈಹಾಕಿ, ಒಂದೆರಡನ್ನು ಕತ್ತರಿಸಿ ನೋಡಿಯೇ ಬೆಲೆ ಹೇಳುತ್ತಾನೆ. ಇಲ್ಲಿಯಾದರೆ ಬೆಲೆ ಮೊದಲು. ಒಳಗಿರುವುದು ಸರಕೋ ಗೊರಬಲೋ ಎಂಬುದು ಹಣ ಕೊಟ್ಟ ಮೇಲೆ. ಶಕುನಿಯಾದರೂ ದಾಳವನ್ನು ಎದುರಿಗೆ ಕುಳಿತು ಎಸೆದಿದ್ದ.

ಆಟಕ್ಕೊಂದು ಕಾಲ ಎಂದೆನಲ್ಲ, ಅದನ್ನೂ ಇವರು ಬಿಟ್ಟಿಲ್ಲ. ಇವರಲ್ಲಿಯೂ ‘ಸೀಸನ್’ ಉಂಟು. ಅದಕ್ಕೊಂದು ಪಾಸು ಕೊಂಡು, ದಿನದಿನವೂ ಬಂದು ಗೊತ್ತಾದ ಕೆಲಸಗಳನ್ನು ಮುಗಿಸಿದವನಿಗೆ ಬಹುಮಾನ; ಸೀಸನ್ ಮುಗಿಯುವುದರೊಳಗೆ ಮುಗಿಸದವನಿಗೆ ಕೊಟ್ಟ ಹಣವೂ ಹೋಯಿತು, ಬಹುಮಾನವೂ ಹೋಯಿತು. ಮಳೆಯ ಕಾಲ ಮುಗಿದರೆ ನಮಗೆ ಬಿಡುಗಡೆಯಿತ್ತು. ಈ ಕಾಲ ಮುಗಿಯುವ ದಿನವೇ ಮುಂದಿನದು ಮೊದಲಾಗುತ್ತದೆ.

ಇದು ಕೇವಲ ಹಳ್ಳಿಯ ಅಜ್ಜನೊಬ್ಬನ ಗೊಣಗಾಟವೆಂದು ತಿಳಿಯಬೇಕಾಗಿಲ್ಲ. ಜಪಾನಿನಲ್ಲಿ 2012ರಷ್ಟು ಹಿಂದೆಯೇ ಇಂತಹ ಪೆಟ್ಟಿಗೆಯಾಟದ ಒಂದು ಬಗೆಯನ್ನು ಕಾನೂನಿಗೆ ವಿರುದ್ಧವೆಂದು ಸರ್ಕಾರ ಸಾರಿತು. ಬೆಲ್ಜಿಯಂ 2018ರಲ್ಲಿ ಹಣಕ್ಕೆ ಮಾರುವ ಪೆಟ್ಟಿಗೆಗಳನ್ನು ಜೂಜಿನ ಸಾಲಿಗೆ ಸೇರಿಸಿತು. ಅಮೆರಿಕದಲ್ಲಿ ‘ಫೋರ್ಟ್‌ನೈಟ್’ ಆಟದ ಒಡೆಯರಾದ ಎಪಿಕ್ ಸಂಸ್ಥೆಯವರ ಮೇಲೆ, ಆಟದ ಗುಂಡಿಗಳ ಜೋಡಣೆಯೇ ಆಟಗಾರರನ್ನು ಬೇಡದ ಖರೀದಿಗೆ ಎಳೆಯುವಂತಿತ್ತೆಂಬ ಆರೋಪ ಬಂದು, 2022ರ ಡಿಸೆಂಬರಿನಲ್ಲಿ ಅವರು 24 ಕೋಟಿ 50 ಲಕ್ಷ ಡಾಲರುಗಳನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಬೇಕಾಯಿತು. ಪೂರ್ತಿ ಬೆಲೆ ಕೊಟ್ಟು ಕೊಂಡವರ ಪಾಡೂ ನಿಶ್ಚಿಂತೆಯದಲ್ಲ. 2014ರಲ್ಲಿ ಹೊರಟ ‘ದಿ ಕ್ರೂ’ ಎಂಬ ಕಾರೋಟದ ಆಟವನ್ನು ಅದರ ಒಡೆಯರಾದ ಯೂಬಿಸಾಫ್ಟ್‌ನವರು 2024ರ ಮಾರ್ಚ್ 31ರಂದು ನಿಲ್ಲಿಸಿಬಿಟ್ಟರು. ಅಂಗಡಿಯಲ್ಲಿ ಹಣ ಕೊಟ್ಟು ತಂದವರ ಮನೆಯಲ್ಲಿಯೂ ಅದು ಅಂದಿನಿಂದ ನಡೆಯದಾಯಿತು. ಆಚಾರಿ ಹತ್ತು ವರ್ಷದ ಮೇಲೆ ಬಂದು ಅಟ್ಟ ಹತ್ತಿ ಚೆನ್ನೆಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದ ಹಾಗೆ!

ನಮ್ಮ ದೇಶವೂ ಸುಮ್ಮನಿಲ್ಲ. 2023ರ ನವೆಂಬರ್ 30ರಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಗ್ರಾಹಕರನ್ನು ಮರುಳುಮಾಡುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದರು. ‘ಈಗಲೇ ಕೊಳ್ಳದಿದ್ದರೆ ಮುಗಿದುಹೋಯಿತು’ ಎಂಬ ಸುಳ್ಳು ಅವಸರ ಅವುಗಳಲ್ಲೊಂದು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆನ್‌ಲೈನ್ ಆಟಗಳ ಕಾನೂನನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ನಮ್ಮ ಮನೆಯಲ್ಲಿ ಎಲ್ಲರೂ, ‘ಸರಿ, ಇನ್ನು ಪೀಡೆ ತೊಲಗಿತು’ ಎಂದರು. ನಾನು ಕನ್ನಡಕ ಏರಿಸಿಕೊಂಡು ಓದಿದೆ. ಗೆದ್ದು ಹಣ ಪಡೆಯುವ ಆಸೆಯಿಂದ ಹಣವನ್ನೊಡ್ಡುವ ಆಟಗಳಿಗೆ ಅದರಲ್ಲಿ ನಿಷೇಧವಿದೆ. ಕರ್ನಾಟಕ ಸರ್ಕಾರ 2021ರಲ್ಲಿ ಇದೇ ಜಾಡಿನಲ್ಲಿ ಮಾಡಿದ್ದ ತಿದ್ದುಪಡಿಯನ್ನು 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ತಳ್ಳಿಹಾಕಿತ್ತು. ಆದ್ದರಿಂದ ಕೇಂದ್ರದ ಈ ಹೆಜ್ಜೆ ಸಣ್ಣದೆಂದು ನಾನು ಹೇಳಲಾರೆ. ಎಷ್ಟೋ ಸಂಸಾರಗಳು ಇದರಿಂದ ಉಳಿದಾವು. ಆದರೆ ನನ್ನ ಮೊಮ್ಮಗ ಹಣ ಗೆಲ್ಲುವ ಆಸೆಯಿಂದ ಏನನ್ನೂ ಒಡ್ಡಲಿಲ್ಲ. ಗೆಲ್ಲುವ ಸಂಭವವೇ ಇಲ್ಲದ ಕಡೆ ಸುಮ್ಮನೆ ಕೊಟ್ಟ. ಜೂಜುಗಾರನಿಗೆ ಒಂದು ರೂಪಾಯಿಯಾದರೂ ಹಿಂದಿರುಗಿ ಬರುವ ಸಂಭವವುಂಟು. ಇವನಿಗೆ ಅದೂ ಇಲ್ಲ. ಇಲ್ಲವಾದ ಕಾರಣದಿಂದಲೇ ಇದು ಜೂಜಲ್ಲ! ತರ್ಕ ಸರಿಯಾಗಿಯೇ ಇರಬಹುದು. ನನ್ನ ಮನಸ್ಸಿಗೆ ಮಾತ್ರ ಹಿಡಿಸಲಿಲ್ಲ.

ಆ ಅಂಗಿಯನ್ನು ತೋರಿಸೆಂದು ಒಂದು ದಿನ ಕೇಳಿದೆ. ಅನುಮಾನಿಸುತ್ತಲೇ ತೋರಿಸಿದ. ಮಿಂಚುಳ್ಳಿಯ ರೆಕ್ಕೆಯ ನೀಲಿ. ಗೊಂಬೆ ತಿರುಗಿದಂತೆಲ್ಲ ಅದರ ಮಡಿಕೆಗಳಲ್ಲಿ ಬೆಳಕು ಹರಿದಾಡುತ್ತಿತ್ತು. ಬರೆದವನು ಯಾವ ಊರಿನವನೋ, ಕೈ ಬಲ್ಲವನು. ‘ಚೆನ್ನಾಗಿದೆಯಪ್ಪಾ’ ಎಂದೆ, ಸುಳ್ಳಲ್ಲ. ಹುಡುಗ ಮೂರು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

ಕೂಲಿಯ ಹಣವನ್ನು ಮಾರನೆಯ ದಿನವೇ ಕೊಪ್ಪದ ಬ್ಯಾಂಕಿನಿಂದ ತಂದು, ಮೊಮ್ಮಗನ ಕೈಯಿಂದಲೇ ಔಷಧಿಯವನಿಗೆ ಕೊಡಿಸಿದ್ದೆ. ಫೋನಿನ ಪಿನ್ನನ್ನು ಬದಲಾಯಿಸಬೇಕೆಂದು ಮಗ ಬೆಂಗಳೂರಿನಿಂದ ಎರಡೆರಡು ಸಲ ಹೇಳಿದ. ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಅದರ ಮರ್ಮ ತಿಳಿಯದು. ಕೊನೆಗೆ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಹೊಸ ಪಿನ್ನನ್ನು ಅವನೇ ಹಾಕಿಕೊಟ್ಟ.